ಅಂತರಂಗದ ಬುತ್ತಿ

ಕನ್ನಡ ಮಾಧ್ಯಮದಲ್ಲಿ ಓದಿ, ಊರ ಶಾಲೆಯಲ್ಲಿ ಸದಾ ಮೊದಲಿಗನೆನಿಸಿ, ನಗರದ ಇಂಜಿನಿಯರಿಂಗ್ ಕಾಲೇಜನ್ನು ಸೇರಿದ ವಿದ್ಯಾರ್ಥಿಯು ಪ್ರಥಮ ಸೆಮಿಸ್ಟರಿನಲ್ಲಿಯೇ ಎರಡು ವಿಷಯಗಳನ್ನು ‘ಬ್ಯಾಕ್’ ಉಳಿಸಿಕೊಂಡಾಗ, ತಾನು ಯಾರೆಂಬುದರ ಬಗೆಗೆ ಅವನಿಗಿದ್ದ ನಿಶ್ಚಯವೇ ಕುಸಿದುಬೀಳುತ್ತದೆ. ‘ಧೈರ್ಯ ತಂದುಕೊಳ್ಳಪ್ಪಾ’ ಎನ್ನುವ ಹಿರಿಯರು ಅನೇಕರು. ಅದನ್ನು ಎಲ್ಲಿಂದ ತರಬೇಕೆಂದು ತಿಳಿಸುವವರು ವಿರಳ.

ಭರವಸೆ, ಸ್ವಸಾಮರ್ಥ್ಯದಲ್ಲಿ ನಂಬುಗೆ, ಬಿದ್ದು ಏಳುವ ಶಕ್ತಿ, ಆಶಾವಾದ ಎಂಬ ನಾಲ್ಕನ್ನು ಅಮೆರಿಕದ ವಿದ್ವಾಂಸ ಫ್ರೆಡ್ ಲೂಥನ್ಸ್ ಹಾಗೂ ಅವರ ಸಹೋದ್ಯೋಗಿಗಳು ಒಟ್ಟಾಗಿ ಮನೋಬಂಡವಾಳವೆಂದು ಕರೆದರು. ಇವು ಹುಟ್ಟಿನಿಂದ ಒದಗಿದ ಸ್ಥಿರಗುಣಗಳಲ್ಲ, ಅಭ್ಯಾಸದಿಂದ ವರ್ಧಿಸತಕ್ಕವು ಎಂಬ ಅವರ ಮಾತೇ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರುತ್ತದೆ. ಭರವಸೆಯನ್ನು ವಿಶ್ಲೇಷಿಸಿದ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದ ಸಿ.ಆರ್. ಸ್ನೈಡರ್ ಅದರಲ್ಲಿ ಎರಡು ಅಂಶಗಳನ್ನು ಕಂಡರು: ಗುರಿಯತ್ತ ನಡೆಯುವ ಸಂಕಲ್ಪ, ಮತ್ತು ಒಂದು ಹಾದಿ ಮುಚ್ಚಿದರೆ ಮತ್ತೊಂದನ್ನು ಅರಸುವ ಬುದ್ಧಿ. ನಮ್ಮ ಮಕ್ಕಳಲ್ಲಿ ಸಂಕಲ್ಪಕ್ಕೆ ಕೊರತೆಯಿಲ್ಲ. ಹಾದಿ ಕಾಣದ ಸಂಕಲ್ಪವಾದರೋ ರಾತ್ರಿಯೆಲ್ಲ ಎಚ್ಚರವಿದ್ದು ತನ್ನನ್ನೇ ದಂಡಿಸಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಪ್ರತಿಪಾದಿಸಿದಂತೆ, ಸ್ವಸಾಮರ್ಥ್ಯದ ನಂಬುಗೆಗೆ ಪ್ರಬಲವಾದ ಆಧಾರವೆಂದರೆ ಸ್ವತಃ ಸಾಧಿಸಿದ ಅನುಭವ. ಅನಂತರ, ತನ್ನಂತಹವನೇ ಒಬ್ಬನು ಗೆದ್ದುದನ್ನು ಕಾಣುವುದು. ಬರಿಯ ಉಪದೇಶದ ಬಲ ಇವಕ್ಕಿಂತ ಕ್ಷೀಣ. ಆದುದರಿಂದ, ಅದೇ ಗಣಿತದಲ್ಲಿ ಎಡವಿ ಎದ್ದ ಸೀನಿಯರ್ ಒಬ್ಬನು ಹಾಸ್ಟೆಲಿನ ಕೋಣೆಯಲ್ಲಿ ಪಕ್ಕಕ್ಕೆ ಕುಳಿತು ಹಳೆಯ ಪ್ರಶ್ನಪತ್ರಿಕೆಯ ಒಂದು ಲೆಕ್ಕವನ್ನು ಇವನಿಂದಲೇ ಬಿಡಿಸುವುದು ಸಭಾಂಗಣದ ಸ್ಫೂರ್ತಿಭಾಷಣಕ್ಕಿಂತ ಹಿರಿದಾದ ಉಪಕಾರ.

ಬಿದ್ದು ಏಳುವ ಶಕ್ತಿಯ ವಿಷಯಕ್ಕೆ ಬಂದರೆ, ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಜನಿಸಿದ ಮಕ್ಕಳ ಬಾಳನ್ನು ದಶಕಗಳ ಕಾಲ ಅವಲೋಕಿಸಿದ ಮನಶ್ಶಾಸ್ತ್ರಜ್ಞೆ ಎಮಿ ವರ್ನರ್, ಕಷ್ಟಕೋಟಲೆಗಳ ನಡುವೆಯೂ ಚೆನ್ನಾಗಿ ಬೆಳೆದವರ ಹಿಂದೆ, ಹೆತ್ತವರೇ ಆಗಬೇಕೆಂದಿಲ್ಲ, ಅಕ್ಕರೆಯಿಂದ ಒದಗಿದ ಹಿರಿಯರೊಬ್ಬರಾದರೂ ಇದ್ದುದನ್ನು ಕಂಡರು. ಇದನ್ನೋದುವಾಗ ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ ನಮ್ಮ ವಾರಾನ್ನದ ದಿನಗಳು ನೆನಪಾಗುತ್ತವೆ. ಆ ಪದ್ಧತಿಯಲ್ಲಿ ಅವಮಾನವೂ ಇತ್ತು, ಅದರ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲೂ ಇಲ್ಲ. ಆದರೂ ವಾರದ ಏಳು ಮನೆಗಳಲ್ಲಿ ಒಂದರಲ್ಲಾದರೂ, ಬಡಿಸುತ್ತ ‘ಪರೀಕ್ಷೆ ಹೇಗಾಯಿತಪ್ಪಾ?’ ಎಂದು ಕೇಳುವ ತಾಯಿಯೊಬ್ಬಳಿದ್ದರೆ ಹುಡುಗನು ಆ ವರ್ಷವನ್ನು ದಾಟುತ್ತಿದ್ದನು.

ಆದರೆ ಅಂತಶ್ಶಕ್ತಿಯ ಹೆಸರಿನಲ್ಲಿ ಶುಲ್ಕದ ಭಾರವನ್ನೂ ತರಗತಿಯ ತಾರತಮ್ಯವನ್ನೂ ವಿದ್ಯಾರ್ಥಿಯ ಹೆಗಲಿಗೇ ಹೊರಿಸುವುದು ಅನ್ಯಾಯ. ನಿದ್ರೆ, ಹಸಿವುಗಳು ವಾರಗಟ್ಟಲೆ ಕೆಟ್ಟಾಗ, ಬದುಕೇ ಬೇಡವೆನಿಸಿದಾಗ, ವೈದ್ಯರ ನೆರವು ಬೇಕೇ ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ-ಮಾನಸ್’ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ತೆರೆದಿರುವ ಅದಕ್ಕೆ ಕರೆ ಮಾಡಲು ಹಣ ತೆರಬೇಕಿಲ್ಲ, ಇಂಗ್ಲಿಷಿಗಾಗಿ ತಡವರಿಸಬೇಕಾಗಿಯೂ ಇಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.