ಹೊಸ ಕೋಣೆ, ಹಳೆಯ ತೇವ

ಮನೆಗೆ ಒಂದು ಕೋಣೆ ಸೇರಿಸುವುದೆಂದರೆ ಮೂರು ಗೋಡೆ ಎಬ್ಬಿಸಿ ಹಳೆಯ ಗೋಡೆಗೆ ಕೂಡಿಸಿದರಾಯಿತು ಎಂದು ನಾವು ತಿಳಿಯುತ್ತೇವೆ. ಆದರೆ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಹಳತು, ಹೊಸತು ಕೂಡುವ ಜಾಗದಲ್ಲೇ ತೇವ ಕಾಣಿಸಿಕೊಳ್ಳುತ್ತದೆ. ಇದೇಕೆ?

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಮೊದಲು ಸಿಗುವ ಪುಣಜನೂರಿನ ಸೀಮೆಯನ್ನೇ ನೋಡಿ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಜೋರು. ಹಳೆಯ ಮಣ್ಣಿನ ಮನೆಗಳಿಗೆ ಕಲ್ಲಿನ ತಳಪಾಯ, ಎತ್ತರದ ಜಗಲಿ, ಮುಂಚಾಚಿದ ಸೂರು ಇರುತ್ತಿದ್ದವು. ಸೋಲಿಗರ ಪೋಡುಗಳಲ್ಲಿ ಬಿದಿರಿನ ತಡಿಕೆಗೆ ಮಣ್ಣು ಮೆತ್ತುತ್ತಿದ್ದರು. ಈ ಗೋಡೆಗಳು ನೆನೆದರೂ ಬಿಸಿಲು ಬಂದೊಡನೆ ಒಣಗುತ್ತಿದ್ದವು.

ನೆಲದ ತೇವ ಗೋಡೆಗೆ ಏರುವುದು ದೀಪದ ಬತ್ತಿಗೆ ಎಣ್ಣೆ ಏರಿದಂತೆ. ಅದನ್ನು ಮರೆಮಾಡಲು ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಬಳಿದರೆ ಒಳಗಿನ ನೀರಿಗೆ ಹೊರಹೋಗುವ ದಾರಿಯೇ ಇಲ್ಲವಾಗುತ್ತದೆ. ಗೋಡೆಯ ಬುಡ ಮೆತ್ತಗಾಗುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಂದು ರಾತ್ರಿ ಮಲಗಿದವರ ಮೇಲೆಯೇ ಕುಸಿಯಬಹುದು.

ಇಂಗ್ಲೆಂಡಿನವರು ತೇವಕ್ಕೆ ಕಂಡುಕೊಂಡ ಉಪಾಯ ಜೋಡಿಗೋಡೆ. ಎರಡು ಗೋಡೆಗಳ ನಡುವೆ ಸುಮಾರು 2 ಅಂಗುಲ ಸಂದಿ. ಹೊರಗೋಡೆ ನೆನೆದರೂ ನೀರು ಸಂದಿಯಲ್ಲಿ ಇಳಿದು ಬುಡದ ಕಿಂಡಿಗಳಿಂದ ಹೊರಹೋಗುತ್ತದೆ. ಕಟ್ಟುವಾಗ ಸಂದಿಗೆ ಗಾರೆ ಬಿದ್ದರೆ ಅದೇ ನೀರಿಗೆ ಸೇತುವೆ. ಇಂಥ ಮನೆಗೆ ಕೋಣೆ ಸೇರಿಸಿದಾಗ ಹಳೆಯ ಹೊರಗೋಡೆಯ ಕೆಳಭಾಗ ಒಳಗೋಡೆಯಾಗುತ್ತದೆ. ಮೇಲಿನಿಂದ ಇಳಿದ ನೀರು ಹೊಸ ಕೋಣೆಗೇ ಬರುತ್ತದೆ. ಆದ್ದರಿಂದ ಹೊಸ ಮಾಡಿನ ಮೇಲ್ಗಡೆ, ಸಂದಿಯೊಳಗೆ ನೀರು ತಡೆಯುವ ಹಾಳೆಯನ್ನು ಹೊರಕ್ಕೆ ಇಳಿಜಾರಾಗಿ ಕೂರಿಸುತ್ತಾರೆ.

ನಮ್ಮಲ್ಲಿ ಲಾರಿ ಬೇಕರ್ (1917-2007) ಬಳಕೆಗೆ ತಂದ ‘ರ್‍ಯಾಟ್ ಟ್ರ್ಯಾಪ್’ ಕಟ್ಟಿನಲ್ಲೂ ಗೋಡೆಯೊಳಗೆ ಟೊಳ್ಳುಂಟು. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಸೆಕೆಯೂ ಕಡಿಮೆ. ಆದರೆ ಅಡ್ಡ ಇಟ್ಟಿಗೆಗಳು ಎರಡೂ ಬದಿಯನ್ನು ಮುಟ್ಟುವುದರಿಂದ ಅದು ತೇವಕ್ಕೆ ಪೂರ್ತಿ ತಡೆಯಲ್ಲ.

ಒಂಟಿ ಗೋಡೆಯ ಮನೆಗೂ ಪಾಠ ಒಂದೇ: ನೀರಿನ ದಾರಿ ಕಡಿಯಬೇಕು. ಹೊಸ ಗೋಡೆಗೆ ತಳಪಾಯದ ಮೇಲೆ, ಹೊರನೆಲಕ್ಕಿಂತ ಕನಿಷ್ಠ 6 ಅಂಗುಲ ಎತ್ತರದಲ್ಲಿ, ಒಂದೂವರೆ ಅಂಗುಲದ ಕಾಂಕ್ರೀಟು ಹಾಕಿ ಡಾಂಬರು ಬಳಿಯಬೇಕು. ಹೊರಗೆ ಮಣ್ಣು ಸುರಿದು ಆ ಪಟ್ಟಿಯನ್ನು ಮುಚ್ಚಬಾರದು. ಹೊಸ ತಳಪಾಯ ಹಳೆಯದಕ್ಕಿಂತ ಹೆಚ್ಚು ಕುಸಿಯುವುದು ಸಹಜ. ಆದುದರಿಂದ ಕೂಡುವ ಕಡೆ ಬಿರುಕು ಬಂದೀತೆಂದು ಮೊದಲೇ ಎಣಿಸಿ, ಹೊಸ ಮಾಡು ಹಳೆಯ ಗೋಡೆಗೆ ತಾಗುವಲ್ಲಿ ತಗಡಿನ ಪಟ್ಟಿ ಹೊದಿಸಬೇಕು. ಮಣ್ಣಿನ ಗೋಡೆಗೆ ಸುಣ್ಣದ ಅಥವಾ ಮಣ್ಣಿನ ಗಿಲಾವೇ ಸರಿ.

ಜಗಲಿಯನ್ನು ಎತ್ತರಿಸಿ ಸೂರನ್ನು ಚಾಚಿದ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ. ಕೋಣೆ ಸೇರಿಸುವ ಮುನ್ನ ಒಂದು ಮಳೆಯ ದಿನ ಮನೆಯ ಸುತ್ತ ನಡೆದು ನೀರು ಎತ್ತ ಹರಿಯುತ್ತದೆಂದು ನೋಡುವುದು ಒಳ್ಳೆಯದು. ಅದಕ್ಕೆ ಯಾವ ಖರ್ಚೂ ಇಲ್ಲ.