ಹತ್ತರ ಲೆಕ್ಕ, ಮೂರು ಸೆಟ್‌ಗಳ ಹುಟ್ಟು

ಜಿಮ್‌ಗೆ ಸೇರಿದ ಹೊಸಬರಿಗೆ ಮೊದಲ ದಿನವೇ ಕಿವಿಗೆ ಬೀಳುವ ‘ಮೂರು ಸೆಟ್, ಹತ್ತು ರೆಪ್’ ಎಂಬ ಲೆಕ್ಕ, ಅಂದರೆ ಒಂದು ಭಾರವನ್ನು ಹತ್ತು ಸಲ ಎತ್ತಿಳಿಸಿ, ದಣಿವಾರಿಸಿಕೊಂಡು, ಹೀಗೆ ಮೂರು ಸರದಿ ಮುಗಿಸುವ ಕ್ರಮ, ಮೊಳಕೆಯೊಡೆದದ್ದು ಎರಡನೆಯ ಮಹಾಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ಸೇನಾ ಆಸ್ಪತ್ರೆಯೊಂದರಲ್ಲಿ.

ಮಂಡಿಗೆ ಪೆಟ್ಟು ಬಿದ್ದು ಬಹುಕಾಲ ಕಾಲನ್ನು ಆಡಿಸಲಾಗದವರಲ್ಲಿ, ಕ್ವಾಡ್ರಿಸೆಪ್ಸ್ ಎಂದು ಕರೆಯುವ ತೊಡೆಯ ಮುಂಭಾಗದ ಸ್ನಾಯುಗಳು ಸೊರಗಿ ಮಂಡಿಯ ಹಿಡಿತವೇ ತಪ್ಪುತ್ತದೆ. ಅಂಥವರಿಗೆ ಹಗುರ ಭಾರವನ್ನು ಹಲವು ಸಲ ಎತ್ತಿಸುವುದೇ ಅಂದಿನ ರೂಢಿಯಾಗಿತ್ತು. ಹೆಚ್ಚು ಭಾರ ಎತ್ತಿದರೆ ಹೃದಯಕ್ಕೆ ಅಪಾಯ, ಮೈ ಮರಗಟ್ಟುತ್ತದೆ ಎಂಬ ಭಯ ವ್ಯಾಪಕವಾಗಿತ್ತು. ಎಳೆಯ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರಕ್ಕೆ ತುತ್ತಾಗಿ, ಭಾರ ಎತ್ತುವ ಅಭ್ಯಾಸದಿಂದಲೇ ಮೈಬಲ ಮರಳಿ ಪಡೆದಿದ್ದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಅವರಿಗೆ ಆ ಭಯವಿರಲಿಲ್ಲ. ಶಿಕಾಗೋದ ಗಾರ್ಡಿನರ್ ಜನರಲ್ ಆಸ್ಪತ್ರೆಯಲ್ಲಿ ಅವರು ರೋಗಿಯನ್ನು ಮೇಜಿನ ಅಂಚಿನಲ್ಲಿ ಕೂರಿಸಿ, ಪಾದಕ್ಕೆ ತೂಕ ಹೊರುವ ಕಬ್ಬಿಣದ ಬೂಟನ್ನು ಬಿಗಿದು, ಮಡಿಸಿದ ಮಂಡಿಯನ್ನು ನಿಧಾನವಾಗಿ ನೇರಮಾಡಿಸುತ್ತಿದ್ದರು.

ಎಷ್ಟು ತೂಕ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ ಈ ಪದ್ಧತಿಯ ಜೀವಾಳ. ಸರಿಯಾಗಿ ಹತ್ತು ಸಲ ಎತ್ತಲಾಗುವ, ಹನ್ನೊಂದನೆಯ ಸಲಕ್ಕೆ ಶಕ್ತಿ ಸಾಲದಾಗುವ ಭಾರವನ್ನು ‘ಟೆನ್ ರೆಪ್ ಮ್ಯಾಕ್ಸ್’ ಎಂದು ಕರೆದು, ವಾರಕ್ಕೊಮ್ಮೆ ಅದನ್ನು ಹೊಸದಾಗಿ ಅಳೆದು, ಬಲ ಹೆಚ್ಚಿದಂತೆ ತೂಕವನ್ನೂ ಹೆಚ್ಚಿಸುತ್ತ ಹೋದರು. ಹೀಗೆ ಅಳತೆಗೋಲು ಕಬ್ಬಿಣವನ್ನು ಬಿಟ್ಟು ಅದನ್ನು ಎತ್ತುವ ದೇಹಕ್ಕೇ ಬಂದು ಸೇರಿತು. ಹೆಚ್ಚು ಭಾರ, ಕಡಿಮೆ ಆವರ್ತನೆ ಬಲವನ್ನು ಬೆಳೆಸಿದರೆ, ಕಡಿಮೆ ಭಾರ, ಹೆಚ್ಚು ಆವರ್ತನೆ ತಾಳಿಕೆಯನ್ನು ಬೆಳೆಸುತ್ತದೆ ಎಂಬ ವಿಂಗಡಣೆಯನ್ನು ಅವರು 1945ರ ಪ್ರಬಂಧದಲ್ಲಿ ಮುಂದಿಟ್ಟರು.

ಆರಂಭದಲ್ಲಿ ಹತ್ತರಂತೆ ಏಳರಿಂದ ಹತ್ತು ಸೆಟ್‌ಗಳು, ಎಂದರೆ 70ರಿಂದ 100 ಎತ್ತುಗಳು ಬೇಕಾಗಿದ್ದವು. ಅಷ್ಟು ಅಗತ್ಯವಿಲ್ಲವೆಂದು ಮನಗಂಡ ಡಿಲಾರ್ಮ್, ಸಹೋದ್ಯೋಗಿ ಆರ್ಥರ್ ವಾಟ್ಕಿನ್ಸ್ ಅವರೊಡನೆ 1948ರಲ್ಲಿ ಅದನ್ನು ಮೂರು ಸೆಟ್‌ಗಳಿಗೆ ಇಳಿಸಿದರು. ಒಬ್ಬರ ಹತ್ತೆತ್ತಿನ ಮಿತಿ 20 ಕಿಲೋ ಎಂದಾದರೆ ಮೊದಲ ಸೆಟ್‌ಗೆ ಅದರ ಅರ್ಧ, ಅಂದರೆ 10 ಕಿಲೋ. ಎರಡನೆಯದಕ್ಕೆ ಮುಕ್ಕಾಲು ಪಾಲು, 15 ಕಿಲೋ. ಕೊನೆಯದಕ್ಕೆ ಪೂರ್ತಿ 20 ಕಿಲೋ. ಮೊದಲೆರಡು ಸೆಟ್‌ಗಳು ಸ್ನಾಯುವನ್ನು ಹದಗೊಳಿಸಿದರೆ, ಮೂರನೆಯದು ಅದರ ಪೂರ್ಣ ಬಲವನ್ನು ಬೇಡುತ್ತಿತ್ತು. ಇದಕ್ಕೆ ನಿಂತ ಹೆಸರು ‘ಪ್ರೋಗ್ರೆಸಿವ್ ರೆಸಿಸ್ಟೆನ್ಸ್ ಎಕ್ಸರ್ಸೈಜ್’, ಎಂದರೆ ಕ್ರಮೇಣ ಭಾರ ಏರಿಸುತ್ತ ಹೋಗುವ ವ್ಯಾಯಾಮ. 1951ರಲ್ಲಿ ಆಕ್ಸ್‌ಫರ್ಡ್‌ನ ವೈದ್ಯ ಝಿನೋವಿಯೆಫ್ ಈ ಏಣಿಯನ್ನೇ ತಿರುಗಿಸಿ, ಪೂರ್ತಿ ಭಾರದಿಂದ ಆರಂಭಿಸಿ ದಣಿವು ಏರಿದಂತೆ ತೂಕ ಇಳಿಸುವ ಕ್ರಮವನ್ನು ಸೂಚಿಸಿದರು. ಆದರೆ ಅವರ ಲೆಕ್ಕವೂ ಶುರುವಾದದ್ದು ಅದೇ ಹತ್ತೆತ್ತಿನ ಮಿತಿಯಿಂದ.

ಇಂದು ಮೂರು ಮತ್ತು ಹತ್ತು ಎಂಬ ಅಂಕಿಗಳು ಎಲ್ಲರ ಬಾಯಲ್ಲೂ ಉಳಿದಿದ್ದರೂ, ಒಂದೇ ತೂಕವನ್ನು ತಿಂಗಳುಗಟ್ಟಲೆ ಎತ್ತುವವರಲ್ಲಿ ಅವುಗಳ ಹಿಂದಿನ ವಾರವಾರದ ಅಳತೆ ಮರೆತುಹೋಗಿದೆ. ಸೊರಗಿದ ಕಾಲೊಂದು ಈ ವಾರ ಎಷ್ಟನ್ನು ಎತ್ತಬಲ್ಲದು ಎಂದು ಕೇಳುವುದರಿಂದಲೇ ಹುಟ್ಟಿದ ಈ ಲೆಕ್ಕಕ್ಕೆ, ಆ ಪ್ರಶ್ನೆಯನ್ನು ಪ್ರತಿ ವಾರವೂ ಮತ್ತೆ ಕೇಳಿದಾಗ ಮಾತ್ರ ಅರ್ಥವಿದೆ.