ಶಿಕ್ಷಣ ಸಾಲದ ವಸೂಲಿ ಏಜೆಂಟರು: ತಪ್ಪು ಕಲ್ಪನೆ ಮತ್ತು ಸತ್ಯ

ಶಿಕ್ಷಣ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಕಾಲ ಬಾಕಿಯಾದರೆ ಬ್ಯಾಂಕು ಆ ಖಾತೆಯನ್ನು ಎನ್‌ಪಿಎ (ಅನುತ್ಪಾದಕ ಆಸ್ತಿ) ಎಂದು ಗುರುತಿಸುತ್ತದೆ. ಅಂಥ ಸಾಲದ ವಸೂಲಿಯನ್ನು ಖಾಸಗಿ ಏಜೆನ್ಸಿಗೆ ವಹಿಸುವುದೂ ಉಂಟು. ಸಾಲ ಪಡೆದ ಮಗ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇದ್ದರೂ ಏಜೆಂಟರು ಬರುವುದು ಕುಂದಾಪುರ, ಬೈಂದೂರು ಅಥವಾ ಬ್ರಹ್ಮಾವರದಲ್ಲಿರುವ ಹೆತ್ತವರ ಮನೆಗೆ. ಏಕೆಂದರೆ ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಹೆತ್ತವರೂ ಸಹ-ಸಾಲಗಾರರು.

ತಪ್ಪು ಕಲ್ಪನೆ: ಏಜೆಂಟರು ಮಾಡಿದ್ದಕ್ಕೆ ಬ್ಯಾಂಕು ಹೊಣೆಯಲ್ಲ.
ಸತ್ಯ: ಕೆಲಸ ಹೊರಗುತ್ತಿಗೆಗೆ ಹೋದರೂ ಹೊಣೆ ಬ್ಯಾಂಕಿನದೇ. ರಿಸರ್ವ್ ಬ್ಯಾಂಕು ಏಜೆಂಟರ ಮೇಲೆ ಹತೋಟಿ ಇಡುವುದೇ ಬ್ಯಾಂಕಿನ ಮೂಲಕ. 2008ರ ಏಪ್ರಿಲ್ ಮಾರ್ಗಸೂಚಿಯು ಏಜೆಂಟರಿಗೆ ತರಬೇತಿ ಮತ್ತು ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಯಾವ ಏಜೆನ್ಸಿಗೆ ವಸೂಲಿ ಒಪ್ಪಿಸಲಾಗಿದೆ ಎಂಬುದನ್ನು ಸಾಲಗಾರರಿಗೆ ಮೊದಲೇ ತಿಳಿಸಬೇಕು ಎಂದೂ ಹೇಳಿತು.

ತಪ್ಪು ಕಲ್ಪನೆ: ಬಾಕಿದಾರರಿಗೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ನೆರೆಕರೆಗೂ ತಿಳಿಸಬಹುದು.
ಸತ್ಯ: ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆ ವಸೂಲಿ ಕರೆಗಳನ್ನು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ಸೀಮಿತಗೊಳಿಸಿತು. ಬೆದರಿಕೆ, ಬೈಗುಳ, ಸಾರ್ವಜನಿಕ ಅವಮಾನ, ಬಂಧುಗಳ ಮತ್ತು ಸ್ನೇಹಿತರ ಖಾಸಗಿತನಕ್ಕೆ ಧಕ್ಕೆ, ಅನುಚಿತ ಸಂದೇಶ, ಎಡೆಬಿಡದ ಕರೆ ಇವೆಲ್ಲವನ್ನೂ ನಿಷೇಧಿಸಿತು.

ತಪ್ಪು ಕಲ್ಪನೆ: ಬ್ಯಾಂಕಿನ ಹೆಸರು ಹೇಳಿಕೊಂಡು ಬಂದವರಿಗೆ ಹಣ ಕೊಡಲೇಬೇಕು.
ಸತ್ಯ: ಏಜೆಂಟರ ಕೈಯಲ್ಲಿ ಗುರುತಿನ ಚೀಟಿ, ಬ್ಯಾಂಕಿನ ಅಧಿಕಾರ ಪತ್ರ ಮತ್ತು ನೋಟಿಸಿನ ಪ್ರತಿ ಇರಬೇಕು. ಇವನ್ನು ಕೇಳಿ ನೋಡುವ ಹಕ್ಕು ಸಾಲಗಾರರಿಗಿದೆ. ಅನುಮಾನ ಬಂದರೆ ಶಾಖೆಯಲ್ಲಿ ವಿಚಾರಿಸಿ, ಹಣವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟುವುದು ಸುರಕ್ಷಿತ.

ತಪ್ಪು ಕಲ್ಪನೆ: ಸಿಂಡಿಕೇಟ್ ಬ್ಯಾಂಕು ಹೋಯಿತು, ಅದರ ಸಾಲವೂ ಹೋಯಿತು.
ಸತ್ಯ: 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಈ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು. ಹಳೆಯ ಸಾಲಗಳೆಲ್ಲ ಹೊಸ ಬ್ಯಾಂಕಿನ ಲೆಕ್ಕಕ್ಕೆ ಬಂದಿವೆ. ಏಜೆಂಟರ ಮೇಲಿನ ದೂರನ್ನೂ ಅಲ್ಲಿಗೇ ಕೊಡಬೇಕು.

ತಪ್ಪು ಕಲ್ಪನೆ: ಕಂತು ತಪ್ಪಿದರೆ ಏಜೆಂಟರು ಮನೆ ಜಪ್ತಿ ಮಾಡುತ್ತಾರೆ.
ಸತ್ಯ: ಜಪ್ತಿ ಮಾಡುವ ಅಧಿಕಾರ ಏಜೆಂಟರಿಗಿಲ್ಲ. ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನವೇ ಇಲ್ಲ. ಅಡವಿಡದ ಆಸ್ತಿಯನ್ನು ಮುಟ್ಟಬೇಕಾದರೆ ಬ್ಯಾಂಕು ದಾವೆ ಹೂಡಿ ಗೆಲ್ಲಬೇಕು. ಅಡವಿಟ್ಟ ಮನೆಯಾದರೂ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕೇ 60 ದಿನಗಳ ನೋಟಿಸು ನೀಡಬೇಕು. ಕೃಷಿ ಭೂಮಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ.

ತಪ್ಪು ಕಲ್ಪನೆ: ಕರ್ನಾಟಕದ 2025ರ ಕಾನೂನು ಬ್ಯಾಂಕಿನ ವಸೂಲಿಯನ್ನೂ ತಡೆಯುತ್ತದೆ.
ಸತ್ಯ: 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಈ ಕಾನೂನು ಕಿರುಸಾಲಗಳ ಬಲವಂತದ ವಸೂಲಿಯನ್ನು ಕುರಿತದ್ದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಬ್ಯಾಂಕಿನ ಏಜೆಂಟರು ಕಾನೂನಿಗೆ ಅತೀತರೂ ಅಲ್ಲ. ಬೆದರಿಕೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಸ್ಥಳೀಯ ಪೊಲೀಸ್ ಠಾಣೆಗೆ ದೂರು ಕೊಡಬಹುದು.

ತಪ್ಪು ಕಲ್ಪನೆ: ದೂರು ಕೊಟ್ಟರೆ ಸಾಲ ಮನ್ನಾ ಆಗುತ್ತದೆ.
ಸತ್ಯ: ದೂರು ವಸೂಲಿಯ ವಿಧಾನಕ್ಕೆ ಸಂಬಂಧಿಸಿದ್ದು, ಸಾಲ ಹಾಗೆಯೇ ಉಳಿಯುತ್ತದೆ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಬಾಕಿಯನ್ನು ರಾಜಿಯಲ್ಲಿ ತೀರಿಸುವವರಿಗೆ ಲೋಕ ಅದಾಲತ್ ಇದೆ. ಅಲ್ಲಿ ಎರಡೂ ಕಡೆಯವರು ಒಪ್ಪಿದರೆ ಮಾತ್ರ ಇತ್ಯರ್ಥ; ಒಪ್ಪಿದ ಮೇಲೆ ಅದರ ವಿರುದ್ಧ ಮೇಲ್ಮನವಿ ಇಲ್ಲ.